ಗರ್ಭಕೋಶದ ರಚನಾದೋಷ: ಸುಖಪ್ರಸವ ಕೇವಲ ಅದೃಷ್ಟವಲ್ಲ

ಹುಟ್ಟಿನಿಂದಲೇ ಗರ್ಭಕೋಶದ ಆಕಾರ ಸಹಜವಾಗಿಲ್ಲದ ಸ್ತ್ರೀ ಆರೋಗ್ಯವಂತ ಮಗುವನ್ನು ಹೆತ್ತಾಗ ಮನೆಮಂದಿ ಅದನ್ನು ದೈವಕೃಪೆಯೆಂದೇ ಭಾವಿಸುತ್ತಾರೆ. ಆ ಧನ್ಯತಾಭಾವ ಸಹಜವಾದದ್ದೇ. ಆದರೆ ದೋಷ ಮೊದಲೇ ಪತ್ತೆಯಾಗುವುದು ಮತ್ತು ನೋವು ಕಾಣಿಸಿಕೊಂಡಾಗ ತಕ್ಕ ಆಸ್ಪತ್ರೆ ಸೇರುವುದು ಆ ಅದೃಷ್ಟದ ದೊಡ್ಡ ಪಾಲು.

ದೋಷ ಉಂಟಾಗುವ ಬಗೆ

ಹೆಣ್ಣು ಭ್ರೂಣದಲ್ಲಿ ಮುಲ್ಲೇರಿಯನ್ ನಾಳಗಳೆಂಬ ಎರಡು ಕೊಳವೆಗಳಿರುತ್ತವೆ. ಇವು ಕೂಡಿಕೊಂಡು, ನಡುವಿನ ಗೋಡೆ ಕರಗಿ ಒಂದೇ ಗರ್ಭಕೋಶವಾಗುತ್ತದೆ. ಗೋಡೆ ಕರಗದೆ ಉಳಿದರೆ ‘ಸೆಪ್ಟೇಟ್’, ಮೇಲ್ಭಾಗ ಕೂಡದೆ ಎರಡು ಕೊಂಬಿನಂತಾದರೆ ‘ಬೈಕಾರ್ನುಯೇಟ್’, ಎರಡೂ ಬೇರೆಬೇರೆಯಾಗಿ ಬೆಳೆದರೆ ‘ಡೈಡೆಲ್ಫಿಸ್’, ಒಂದು ಪಾರ್ಶ್ವ ಮಾತ್ರ ಪೂರ್ಣವಾಗಿ ಬೆಳೆದರೆ ‘ಯೂನಿಕಾರ್ನುಯೇಟ್’ ಎಂದು ಕರೆಯಲಾಗುತ್ತದೆ. 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ನೂರು ಸ್ತ್ರೀಯರಲ್ಲಿ ಐದಾರು ಮಂದಿಗೆ ಇಂತಹ ಯಾವುದಾದರೊಂದು ವ್ಯತ್ಯಾಸವಿರುತ್ತದೆ.

ಆಕೆ ತನ್ನ ತಾಯಿಯ ಗರ್ಭದಲ್ಲಿದ್ದಾಗಲೇ ಉಂಟಾದ ಈ ವ್ಯತ್ಯಾಸಕ್ಕೆ ಆಕೆಯ ಆಹಾರ, ದುಡಿಮೆ, ನಡತೆ ಯಾವುದೂ ಕಾರಣವಲ್ಲ. ಗರ್ಭ ನಿಲ್ಲದಿದ್ದಾಗ ಸೊಸೆಯನ್ನು ದೂರುವುದು ಸಲ್ಲದು.

ಅಪಾಯಗಳು

ಗರ್ಭಪಾತ, ಅವಧಿಪೂರ್ವ ಹೆರಿಗೆ, ಮಗು ಅಡ್ಡವಾಗಿ ಅಥವಾ ಕಾಲು ಕೆಳಗಾಗಿ ನಿಲ್ಲುವುದು, ಮಗುವಿನ ತೂಕ ಕಡಿಮೆಯಾಗುವುದು ಮುಖ್ಯ ಅಪಾಯಗಳು. ಪೂರ್ಣ ಬೆಳೆಯದ ಕೊಂಬಿನಲ್ಲಿ ಗರ್ಭ ನಿಂತರೆ ಅದು ಒಡೆದು ತಾಯಿಯ ಪ್ರಾಣಕ್ಕೇ ಸಂಚಕಾರ ಬರಬಹುದು. ಆದುದರಿಂದ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಮಹತ್ವದ್ದು.

ಹಾಗೆಂದು ಧೈರ್ಯಗೆಡಬೇಕಿಲ್ಲ. 2019ರಲ್ಲಿ ಬಾಂಗ್ಲಾದೇಶದ ಜೆಸ್ಸೋರ್‌ನಲ್ಲಿ ಎರಡು ಗರ್ಭಕೋಶಗಳಿದ್ದ ಯುವತಿಯೊಬ್ಬಳು ಮೊದಲ ಹೆರಿಗೆಯಾದ 26 ದಿನಗಳ ಬಳಿಕ ಅವಳಿ ಮಕ್ಕಳನ್ನು ಹೆತ್ತಳು. ಆಕೆಗೆ ಎರಡು ಗರ್ಭಕೋಶಗಳಿರುವುದು ತಿಳಿದದ್ದೇ ಎರಡನೆಯ ಬಾರಿ ಆಸ್ಪತ್ರೆಗೆ ಬಂದಾಗ.

ಗೋಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಸುವ ಮುನ್ನ ವಿಚಾರಿಸುವುದು ಒಳಿತು. 2021ರಲ್ಲಿ ಪ್ರಕಟವಾದ, ಸುಮಾರು 80 ಸ್ತ್ರೀಯರನ್ನೊಳಗೊಂಡ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಶಸ್ತ್ರಕ್ರಿಯೆಯಿಂದ ಜೀವಂತ ಜನನಗಳ ಪ್ರಮಾಣ ಹೆಚ್ಚಲಿಲ್ಲ.

ತವರಿಗೆ ಹೋಗುವಾಗ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದಲ್ಲಿ ಚೊಚ್ಚಲ ಗರ್ಭಿಣಿಗೆ ಕುಬಸ ಮಾಡಿ ತವರಿಗೆ ಕರೆದೊಯ್ಯುವ ರೂಢಿಯಿದೆ. ಏಳನೆಯ ತಿಂಗಳ ಆಸುಪಾಸಿನ ಈ ಅವಧಿಯಲ್ಲೇ, ರಚನಾದೋಷವಿರುವವರಲ್ಲಿ, ಅಕಾಲದ ನೋವಿನ ಆತಂಕವೂ ಇರುತ್ತದೆ. ಸ್ಕ್ಯಾನಿಂಗ್ ವರದಿ ಗಂಡನ ಮನೆಯಲ್ಲಿ, ಗರ್ಭಿಣಿ ತವರಿನಲ್ಲಿ ಎಂಬಂತಾಗಬಾರದು. ತಾಯಿ ಕಾರ್ಡ್ ಮತ್ತು ಎಲ್ಲ ವರದಿಗಳು ಆಕೆಯ ಜೊತೆಗಿರಬೇಕು. ತವರೂರಿನ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಬೇಕು. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ.

ಅವಧಿಗೆ ಮುನ್ನ ಹುಟ್ಟುವ ಶಿಶುವಿಗೆ ಉಸಿರಾಟದ ತೊಂದರೆಯೇ ದೊಡ್ಡ ಗಂಡಾಂತರ. 24ರಿಂದ 34 ವಾರಗಳ ನಡುವೆ ಹೆರಿಗೆಯ ಸೂಚನೆ ಕಂಡರೆ ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ನೀಡಲಾಗುತ್ತದೆ. 12 ಗಂಟೆಗೊಮ್ಮೆಯಂತೆ ನಾಲ್ಕು ಸಲ. ವಿಶ್ವ ಆರೋಗ್ಯ ಸಂಸ್ಥೆಯ ಐದು ರಾಷ್ಟ್ರಗಳ ಪ್ರಯೋಗದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಸಹ ಭಾಗಿಯಾಗಿತ್ತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಈ ಔಷಧದಿಂದ ನವಜಾತ ಶಿಶುಗಳ ಮರಣ ಶೇ. 23.5ರಿಂದ ಶೇ. 19.6ಕ್ಕೆ ಇಳಿಯಿತು.

ಹೊಟ್ಟೆ ಪದೇ ಪದೇ ಬಿಗಿಯುವುದು, ನೀರು ಹೋಗುವುದು, ರಕ್ತಸ್ರಾವ, ತೀವ್ರ ಹೊಟ್ಟೆನೋವು, ಮಗುವಿನ ಚಲನೆ ತಗ್ಗುವುದು ಕಂಡೊಡನೆ 108ಕ್ಕೆ ಕರೆ ಮಾಡಬೇಕು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿ.ಮೀ., ರಾಣೆಬೆನ್ನೂರಿನಿಂದ ದಾವಣಗೆರೆ ಸುಮಾರು 40 ಕಿ.ಮೀ. ದೂರದಲ್ಲಿವೆ. ಎಲ್ಲಿಗೆ ಹೋಗಬೇಕೆಂಬುದನ್ನು ವೈದ್ಯರೊಡನೆ ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು.

ಹೆರಿಗೆಯ ನಂತರ

ಕೆಲವರಲ್ಲಿ ಈ ದೋಷ ಗೊತ್ತಾಗುವುದೇ ಸಿಸೇರಿಯನ್ ವೇಳೆಯಲ್ಲಿ. ಹಾಗಿದ್ದಲ್ಲಿ ಗರ್ಭಕೋಶದ ಆಕಾರವನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳಬೇಕು. ಇಂತಹವರಲ್ಲಿ ಕೆಲವರಿಗೆ ಒಂದೇ ಮೂತ್ರಪಿಂಡವಿರುವುದರಿಂದ ಅದರ ಸ್ಕ್ಯಾನಿಂಗ್ ಕೂಡ ಅಗತ್ಯ. ಮಗು ಕ್ಷೇಮವಾಗಿ ಮನೆ ಸೇರಿದ ಸಂತಸದಲ್ಲಿ ಈ ಕಾಗದ ಮರೆತುಹೋಗುವುದುಂಟು. ಮುಂದಿನ ಗರ್ಭಧಾರಣೆಯಲ್ಲಿ ವೈದ್ಯರು ಮೊದಲು ಕೇಳುವುದು ಅದನ್ನೇ.