ಜನ, ದಾರಿ ಮತ್ತು ಶಾಲೆ: ಗೇರುಸೊಪ್ಪೆ ಕಲಿಸುವ ಪಾಠ

ಯಾವುದೇ ಹಳ್ಳಿಯ ಬಗ್ಗೆ ವಿಚಾರಿಸಿದರೆ ನಾವು ಮೊದಲು ಕೇಳುವುದು ಎರಡು ಪ್ರಶ್ನೆಗಳನ್ನು: ಅಲ್ಲಿ ಎಷ್ಟು ಜನರಿದ್ದಾರೆ? ಅಲ್ಲಿಗೆ ಹೋಗುವುದು ಹೇಗೆ? ಇವೆರಡೂ ಒಂದಕ್ಕೊಂದು ಅಂಟಿಕೊಂಡ ಪ್ರಶ್ನೆಗಳು. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ ಇದಕ್ಕೆ ಒಳ್ಳೆಯ ಸಾಕ್ಷಿ.

ಹೊನ್ನಾವರದಿಂದ ಸುಮಾರು 30 ಕಿ.ಮೀ. ಒಳಗೆ, ಶರಾವತಿಯ ದಡದಲ್ಲಿ, ಘಟ್ಟದ ಬುಡದಲ್ಲಿ ಈ ಊರಿದೆ. ಹಿಂದೆ ಇಲ್ಲಿ ನದಿಯೇ ಹೆದ್ದಾರಿ. ಹಡಗುಗಳು ಹೊನ್ನಾವರದಲ್ಲಿ ನಿಂತರೆ, ದೋಣಿಗಳು ಗೇರುಸೊಪ್ಪೆಯವರೆಗೆ ಬರುತ್ತಿದ್ದವು. ಮುಂದೆ ಎತ್ತುಗಳ ಬೆನ್ನೇರಿ ಸರಕು ಘಟ್ಟ ಹತ್ತುತ್ತಿತ್ತು. ಘಟ್ಟದ ಕಾಳುಮೆಣಸು ಇದೇ ದಾರಿಯಲ್ಲಿ ಕಡಲಿಗೆ ಇಳಿಯುತ್ತಿತ್ತು. ಜಲಮಾರ್ಗವೂ ನೆಲದ ದಾರಿಯೂ ಕೂಡುವ ಜಾಗವಾದ್ದರಿಂದ ಗೇರುಸೊಪ್ಪೆ ರಾಜಧಾನಿಯಾಯಿತು. 16ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು.

ಇಂಥ ದಾರಿಗಳು ಸಂಪತ್ತನ್ನಷ್ಟೇ ತರಲಿಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿನ ಜನರ ಜೀವನಾಧಾರ ಕಡಲ ವ್ಯಾಪಾರವೆಂದು ಬರೆದಿದ್ದಾರೆ. ಆ ಪಟ್ಟಣದಲ್ಲಿ ಹುಡುಗರಿಗೆ 23 ಹಾಗೂ ಹುಡುಗಿಯರಿಗೆ 13 ಶಾಲೆಗಳನ್ನು ಕಂಡುದಾಗಿಯೂ, ಬೇರೆಲ್ಲೂ ಇಂಥದ್ದನ್ನು ನೋಡಿಲ್ಲವೆಂದೂ ತಿಳಿಸಿದ್ದಾರೆ. ಸಂಚಾರ ಇದ್ದಲ್ಲಿ ಜನ, ಜನ ಇದ್ದಲ್ಲಿ ವಿದ್ಯೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೇ?

ಆದರೆ 17ನೇ ಶತಮಾನದ ಆರಂಭದಲ್ಲಿ ಗೇರುಸೊಪ್ಪೆ ಕೆಳದಿ ಅರಸರ ವಶವಾಯಿತು. ಅಧಿಕಾರದ ಕೇಂದ್ರ ಘಟ್ಟದ ಮೇಲೆ ಹೋಯಿತು. 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಕಂಡದ್ದು ಹಾಳುಬಿದ್ದ ಅರಮನೆ, ಬೆಳೆದ ಮರಗಳು, ಕೆಲವು ಗುಡಿಸಲುಗಳು. ನದಿ ಅಲ್ಲೇ ಇತ್ತು, ಜನ ಇರಲಿಲ್ಲ. ಸಮೀಪದ ನಗರಬಸ್ತಿಕೇರಿಯ ಕಾಡಿನ ನಡುವೆ ಇಂದಿಗೂ ನಿಂತಿರುವ ಚತುರ್ಮುಖ ಬಸದಿ ಆ ಕಾಲದ ಕುರುಹು.

ಇಂದು ಹೊನ್ನಾವರ–ಸಾಗರ ರಸ್ತೆ ಗೇರುಸೊಪ್ಪೆಯ ಮೂಲಕವೇ ಘಟ್ಟ ಹತ್ತುತ್ತದೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಹೊನ್ನಾವರದಲ್ಲಿ ಎರಡು ಕಿ.ಮೀ.ಗೂ ಉದ್ದದ ಸೇತುವೆಯ ಮೇಲೆ ಶರಾವತಿಯನ್ನು ದಾಟುತ್ತದೆ. ಆದರೆ ಮುಖ್ಯರಸ್ತೆಯಿಂದ ದೂರವಿರುವ ಸಾವಿರಾರು ಹಳ್ಳಿ, ಮಜರೆಗಳ ಸ್ಥಿತಿ ಏನು?

ಇಲ್ಲಿ ಜನಸಂಖ್ಯೆಯ ಲೆಕ್ಕ ಮುಖ್ಯವಾಗುತ್ತದೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ರಸ್ತೆ ಕೊಡುವುದು ತಲೆ ಎಣಿಸಿ: ಬಯಲು ಸೀಮೆಯಲ್ಲಿ 500 ಜನರಿರುವ ಜನವಸತಿಗೆ ಸರ್ವಋತು ರಸ್ತೆ. 2024ರಲ್ಲಿ ಮಂಜೂರಾದ ಅದರ ನಾಲ್ಕನೇ ಹಂತಕ್ಕೂ 2011ರ ಜನಗಣತಿಯೇ ಆಧಾರ. ಅಂದು ಎಣಿಕೆಯಲ್ಲಿ ಬಿಟ್ಟುಹೋದ ಒಂದೊಂದು ಮನೆಯೂ ಊರಿನ ರಸ್ತೆಯನ್ನು ಅಷ್ಟು ದೂರ ತಳ್ಳಿದಂತೆ.

ನಮ್ಮ ಸಮುದಾಯಕ್ಕೆ ಈ ವಿಷಯ ಹೊಸದಲ್ಲ. ಮುಸ್ಲಿಮರು ಹೆಚ್ಚಾಗಿರುವ ಹಳ್ಳಿಗಳಿಗೆ ಪಕ್ಕಾ ರಸ್ತೆ ಮತ್ತು ಬಸ್ ನಿಲ್ದಾಣದ ಸೌಲಭ್ಯ ಸಾಲದೆಂದು 2006ರಲ್ಲೇ ಸಾಚಾರ್ ಸಮಿತಿ ತೋರಿಸಿಕೊಟ್ಟಿತು. ಇಂಥ ಸಣ್ಣ ಹಳ್ಳಿಗಳ ಪೈಕಿ ಸುಮಾರು ಮೂರನೇ ಒಂದು ಭಾಗದಲ್ಲಿ ಶಾಲೆಯೇ ಇಲ್ಲವೆಂದೂ ಹೇಳಿತು. ದಾರಿ ದೂರವಾದಾಗ ಮೊದಲು ಓದು ಬಿಡುವವಳು ಮನೆಯ ಮಗಳು. 2023ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭಿಸಿತು. ಆದರೆ ಬಸ್ಸೇ ಬಾರದ ಊರಿನ ಹುಡುಗಿಗೆ ಅದರಿಂದೇನು ಫಲ?

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ನಿಮ್ಮ ಊರಿನ ಸಾಲನ್ನು ಹುಡುಕಿ ಓದಿ. ಜನಸಂಖ್ಯೆ, ಶಾಲೆ, ಬಸ್ಸು, ರಸ್ತೆ ಎಲ್ಲವೂ ಅಲ್ಲಿರುತ್ತವೆ. ತಪ್ಪಿದ್ದರೆ ಗ್ರಾಮಸಭೆಯಲ್ಲಿ ಎದ್ದು ಹೇಳಿ. ಗಣತಿದಾರರು ಬಂದಾಗ ಹಿರಿಯರಿಗೆ ನೆರವಾಗಿ, ಮನೆಯ ಎಲ್ಲರ ವಿವರ ಬರೆಸಿ. ಇಬ್ನ್ ಬತೂತಾ ಕಂಡ ಆ 13 ಶಾಲೆಗಳ ಕರಾವಳಿಯಲ್ಲಿ, ಬಸ್ಸಿಲ್ಲವೆಂಬ ಕಾರಣಕ್ಕೆ ಒಬ್ಬ ಹುಡುಗಿಯೂ ಮನೆಯಲ್ಲಿ ಉಳಿಯಬಾರದು.