ವಾರಾನ್ನದಿಂದ ಮೆಸ್ ಬಿಲ್ಲಿನವರೆಗೆ

ಪಿ.ಯು. ಫಲಿತಾಂಶ ಬಂದು ಕಾಲೇಜು ಪ್ರವೇಶದ ಗಡಿಬಿಡಿ ಮುಗಿಯುವ ಹೊತ್ತಿಗೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮನೆಗಳಲ್ಲಿ ಇನ್ನೊಂದು ಚರ್ಚೆ ಆರಂಭವಾಗುತ್ತದೆ. ಮಂಗಳೂರಿಗೋ ಧಾರವಾಡಕ್ಕೋ ಬೆಂಗಳೂರಿಗೋ ಹೊರಟ ಮಗ ಅಥವಾ ಮಗಳ ಊಟದ ವ್ಯವಸ್ಥೆ ಏನು? ಹಾಸ್ಟೆಲಿನ ಮೆಸ್ಸಿಗೆ ವರ್ಷದ ಹಣ ಒಮ್ಮೆಲೇ ಕಟ್ಟುವುದೋ, ಖಾನಾವಳಿಯಲ್ಲಿ ತಿಂಗಳ ಲೆಕ್ಕ ಇಡುವುದೋ, ನಾಲ್ವರು ಸೇರಿ ಕೋಣೆ ಹಿಡಿದು ಅಡುಗೆ ಮಾಡಿಕೊಳ್ಳುವುದೋ?

ಇದು ಇಂದಿನ ಕಾಲದ ಪ್ರಶ್ನೆಯೆಂದು ತೋರಬಹುದು. ಆದರೆ ನಮ್ಮ ನಾಡಿನಲ್ಲಿ ಯಾರು ಓದಿದರು, ಯಾರು ಓದಲಾಗಲಿಲ್ಲ ಎಂಬುದನ್ನು ಬಹುಕಾಲ ನಿರ್ಧರಿಸಿದ್ದು ಈ ಊಟದ ಪ್ರಶ್ನೆಯೇ. ವಿಜಯಪುರ ಜಿಲ್ಲೆಯ ಸಾಲೋಟಗಿಯ ಕ್ರಿ.ಶ. 945ರ ಶಾಸನವನ್ನು ನೋಡಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದುದರಿಂದ ಅವರ ವಾಸಕ್ಕೆ 27 ಮನೆಗಳು ಬೇಕಾದವು. ಜೊತೆಗೆ ಭೂಮಿಯ ದತ್ತಿಯೂ ದೊರೆಯಿತು. ಪಾಠದಷ್ಟೇ ಊಟ, ವಸತಿಯ ಏರ್ಪಾಡೂ ಮುಖ್ಯವೆಂದು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಿದ್ದರು.

ಏಳು ದಿನ, ಏಳು ಮನೆ

ಇಂಗ್ಲಿಷ್ ಶಾಲೆಗಳ ಕಾಲಕ್ಕೆ ಬಂದರೆ, ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಾಲೇಜೆಂದರೆ ಪುಣೆ, ಮುಂಬಯಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೂ ಘಟ್ಟ ಹತ್ತಲೇಬೇಕಿತ್ತು. ಹೈಸ್ಕೂಲು ಕೂಡ ಹಲವರಿಗೆ ದೂರವೇ. ಗೋಕರ್ಣದ ಕಡೆಯ ಹುಡುಗ ಕುಮಟೆಯ ಗಿಬ್ ಹೈಸ್ಕೂಲಿಗೆ ಬರಬೇಕಾದರೆ ನಡುವೆ ಅಘನಾಶಿನಿ. ಮಳೆಗಾಲದಲ್ಲಿ ದಿನವೂ ದೋಣಿ ದಾಟಿ ಹೋಗಿಬರುವ ಮಾತೇ ಇಲ್ಲ. ಊರಿನಲ್ಲಿ ನಂಟರಿದ್ದರೆ ಅವರ ಮನೆ. ಇಲ್ಲವಾದರೆ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನ.

ವಾರಾನ್ನದ ಕ್ರಮ ಸರಳವಾದದ್ದು. ಹುಡುಗ ಹಿರಿಯರೊಬ್ಬರ ಮಾತನ್ನೋ ಚೀಟಿಯನ್ನೋ ಹಿಡಿದು ಮನೆಮನೆಗೆ ಹೋಗಿ ವಾರದಲ್ಲಿ ಒಂದೊಂದು ದಿನದ ಊಟ ಕೇಳುತ್ತಿದ್ದ. ಏಳು ಮನೆ ಸಿಕ್ಕರೆ ವಾರ ತುಂಬಿತು. ಐದೇ ಸಿಕ್ಕರೆ ಎರಡು ದಿನ ಅವಲಕ್ಕಿ, ಇಲ್ಲವೇ ತಣ್ಣೀರು. ಉಣ್ಣುವ ಮನೆಯಲ್ಲಿ ನೀರು ಸೇದುವುದು, ಹೂ ಕೊಯ್ಯುವುದು, ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಹುಡುಗನ ಪಾಲಿನ ಕೆಲಸ. ಆ ಮನೆಯವರು ಊರಿಗೆ ಹೋದರೆ, ಸೂತಕ ಬಂದರೆ ಅಂದಿನ ವಾರ ತಪ್ಪಿತು. ಕೆಲವು ಮನೆಯ ತಾಯಂದಿರು ಸ್ವಂತ ಮಗನಂತೆ ಬಡಿಸಿದರು. ಕೆಲವೆಡೆ ಎರಡನೆಯ ಬಾರಿ ಅನ್ನ ಕೇಳಲು ಹುಡುಗನ ನಾಲಿಗೆ ಏಳಲಿಲ್ಲ. ಈ ಪದ್ಧತಿ ಕರಾವಳಿಗಷ್ಟೇ ಸೇರಿದ್ದಲ್ಲ. ಹಳೆ ಮೈಸೂರಿನ ಕಡೆಯ ವಾರಾನ್ನದ ಅನುಭವವನ್ನು ಎಸ್.ಎಲ್. ಭೈರಪ್ಪನವರು 1996ರಲ್ಲಿ ಪ್ರಕಟವಾದ ಆತ್ಮಕಥೆ ‘ಭಿತ್ತಿ’ಯಲ್ಲಿ ದಾಖಲಿಸಿದ್ದಾರೆ.

ವಾರಾನ್ನಕ್ಕೆ ಹಣ ಬೇಡ, ಆದರೆ ಜಾತಿ ಬೇಕಿತ್ತು. ಮೀನುಗಾರರ ಹುಡುಗ, ನಾಮಧಾರಿ ಹುಡುಗ, ಹಾಲಕ್ಕಿ ಒಕ್ಕಲಿಗರ ಹುಡುಗ ಆ ಪಂಕ್ತಿಯಲ್ಲಿ ಕೂರುವಂತಿರಲಿಲ್ಲ. ದಲಿತರ ಹುಡುಗನಿಗೆ ಅಂಗಳವೇ ದೂರ. ಪರಊರಿಗೆ ಹೋಗಿ ವಾರ ಹಚ್ಚಿಕೊಳ್ಳುವ ಮಾತು ಯಾವ ಜಾತಿಯ ಹುಡುಗಿಗೂ ಇರಲಿಲ್ಲ. ಬುದ್ಧಿವಂತ ಮಕ್ಕಳು ಎಲ್ಲ ಕೇರಿಗಳಲ್ಲೂ ಇದ್ದರು. ಬಡಿಸುವ ಮನೆ ಮಾತ್ರ ಕೆಲವರಿಗಿತ್ತು.

ಬೋರ್ಡಿಂಗುಗಳು ಬಂದವು

ಇದಕ್ಕೆ ಉತ್ತರವಾಗಿ ಹುಟ್ಟಿದ್ದೇ ಬೋರ್ಡಿಂಗ್. ಕೊಲ್ಹಾಪುರದ ಶಾಹೂ ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೆ ಬೋರ್ಡಿಂಗ್ ತೆರೆಸಿದರು. ಮುಂದೆ ಜೈನ, ಲಿಂಗಾಯತ, ಮುಸ್ಲಿಂ, ಅಸ್ಪೃಶ್ಯ ವಿದ್ಯಾರ್ಥಿಗಳಿಗೂ ಅಲ್ಲಿ ನಿಲಯಗಳಾದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು, ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಉಚಿತ ಪ್ರಸಾದ ನಿಲಯಗಳನ್ನು ಬೆಳೆಸಿದರು. ಅಲ್ಲಿ ಹುಡುಗ ಮನೆಮನೆ ಅಲೆಯಬೇಕಿರಲಿಲ್ಲ. ಗಂಟೆ ಬಾರಿಸಿದಾಗ ತಟ್ಟೆ ಹಿಡಿದರೆ ಸಾಕು. ಬೇಡುವ ಸಂಕೋಚ ಕಳೆದದ್ದು ಸಣ್ಣ ಸಂಗತಿಯಲ್ಲ. ಆದರೂ ಹಲವು ಬೋರ್ಡಿಂಗುಗಳ ಹೆಸರಿನಲ್ಲೇ ಜಾತಿ ಇತ್ತು. ಉಪವಾಸ ತಪ್ಪಿತು, ಪಂಕ್ತಿ ಬೇರೆಯಾಗಿಯೇ ಉಳಿಯಿತು.

ಸರಕಾರದ ಪಾತ್ರ ದೊಡ್ಡದಾದದ್ದು ಸ್ವಾತಂತ್ರ್ಯದ ನಂತರ. 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟಿತು. ದೇವರಾಜ ಅರಸು ಅವರ ಆ ಕಾಲದಿಂದ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳಿಗೆ ಬಲ ಬಂದಿತು. ಅನ್ನ ಯಾರದೋ ದಯೆ ಎಂಬ ಭಾವನೆ ಕಳೆದು, ಅರ್ಜಿ ಹಾಕಿ ಪಡೆಯುವ ಹಕ್ಕಾಯಿತು.

ಮನೆಗೆ ಹತ್ತಿರ ಬಂದ ಕಾಲೇಜು

ಆದರೆ ನಮ್ಮ ಮೂರು ಊರುಗಳ ಮಟ್ಟಿಗೆ ಊಟದ ಸಮಸ್ಯೆಯನ್ನು ಹೆಚ್ಚು ಬಿಡಿಸಿದ್ದು ಹಾಸ್ಟೆಲುಗಳಲ್ಲ, ಕಾಲೇಜುಗಳೇ. 1949ರಲ್ಲಿ ಕುಮಟೆಯಲ್ಲಿ ಕೆನರಾ ಕಾಲೇಜ್ ಸೊಸೈಟಿಯ ಕಾಲೇಜು ಆರಂಭವಾಯಿತು. ಅದು ಇಂದು ಮುಂಬಯಿಯ ಹೆಸರಾಂತ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗಾ ಅವರ ಹೆಸರು ಹೊತ್ತಿದೆ. ಹೊನ್ನಾವರಕ್ಕೆ 1964ರಲ್ಲಿ ಎಸ್.ಡಿ.ಎಂ. ಕಾಲೇಜು ಬಂತು. ಭಟ್ಕಳದಲ್ಲಿ 1919ರಷ್ಟು ಹಿಂದೆಯೇ ಸ್ಥಾಪನೆಯಾಗಿದ್ದ ಅಂಜುಮನ್ ಸಂಸ್ಥೆ 1968ರಲ್ಲಿ ಪದವಿ ಕಾಲೇಜು ತೆರೆಯಿತು. ಹೊಳೆಗಳಿಗೆ ಸೇತುವೆಯಾಗಿ ಬಸ್ಸು ಓಡಾಡತೊಡಗಿದ ಮೇಲೆ ಹಳ್ಳಿಯ ವಿದ್ಯಾರ್ಥಿ ಬೆಳಿಗ್ಗೆ ಗಂಜಿ ಉಂಡು, ಬುತ್ತಿ ಕಟ್ಟಿಕೊಂಡು ಹೊರಟು, ರಾತ್ರಿ ಮನೆಯ ಕುಚ್ಚಲಕ್ಕಿ ಅನ್ನಕ್ಕೆ ಮರಳಬಹುದಾಯಿತು. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಲು ಈ ಸಂಜೆಯ ಬಸ್ಸು ಎಷ್ಟು ನೆರವಾಯಿತೆಂದು ಆ ತಲೆಮಾರಿನವರನ್ನು ಕೇಳಬೇಕು.

ಈಗ ವೃತ್ತಿಶಿಕ್ಷಣಕ್ಕಾಗಿ ಮಕ್ಕಳು ಮತ್ತೆ ದೂರ ಹೋಗುತ್ತಿದ್ದಾರೆ. ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಬಂದಿದೆ. ಸರಕಾರಿ ನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು 2013–14ರಲ್ಲಿ ‘ವಿದ್ಯಾಸಿರಿ’ ಯೋಜನೆ ಬಂತು. ಊಟ–ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುವುದೆಂದು ಅದು ಆರಂಭವಾಯಿತು. ಅರ್ಹರು ಮೊದಲು ಇಂಥ ದಾರಿಗಳನ್ನು ವಿಚಾರಿಸುವುದು ಲೇಸು. ಹಣ ಕಟ್ಟುವವರು ಕೇಳಬೇಕಾದ ಮಾತುಗಳು ಬೇರೆ: ಊರಿಗೆ ಹೋದ ದಿನಗಳ ಹಣ ಕಳೆಯುತ್ತಾರೆಯೇ? ತಿಂಗಳ ಒಟ್ಟು ಖರ್ಚನ್ನು ಉಂಡವರೆಲ್ಲ ಹಂಚಿಕೊಳ್ಳುವ ‘ಡಿವೈಡಿಂಗ್’ ಪದ್ಧತಿಯೋ, ನಿಗದಿತ ದರವೋ? ಲೆಕ್ಕ ನೋಡುವ ವಿದ್ಯಾರ್ಥಿ ಸಮಿತಿ ಇದೆಯೇ? ನಡುವೆ ಬಿಟ್ಟರೆ ಠೇವಣಿ ಮರಳುತ್ತದೆಯೇ? ಮೀನು ಸಾರಿನ ಊರಿನಿಂದ ಜೋಳದ ರೊಟ್ಟಿಯ ಊರಿಗೆ ಹೋಗುವವರು ಮೊದಲು ಒಂದು ತಿಂಗಳು ಉಂಡು ನೋಡಿ, ವರ್ಷದ ಹಣ ಆಮೇಲೆ ಕಟ್ಟುವುದು ಜಾಣತನ.

ಒಂದು ಮಾತು ಉಳಿಯಿತು. ಸರಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟ ನೀಡುವ ‘ಅಕ್ಷರ ದಾಸೋಹ’ ಹತ್ತನೆಯ ತರಗತಿಗೆ ನಿಲ್ಲುತ್ತದೆ. ಹಾಸ್ಟೆಲೂ ಸಿಗದ, ಬುತ್ತಿ ಕಟ್ಟುವಷ್ಟು ಅನುಕೂಲವೂ ಇಲ್ಲದ ವಿದ್ಯಾರ್ಥಿ ಕಾಲೇಜಿಗೆ ಬಂದ ಮೇಲೆ ಮಧ್ಯಾಹ್ನ ಏನು ಉಣ್ಣುತ್ತಾನೆ, ಉಣ್ಣುತ್ತಾಳೆ ಎಂದು ಕೇಳುವವರು ವಿರಳ. ವಾರಾನ್ನದ ಕಾಲದಲ್ಲಿ ಏಳು ಮನೆಯವರಾದರೂ ಆ ಹುಡುಗನ ಹಸಿವನ್ನು ಬಲ್ಲರು. ಇಂದು ತರಗತಿಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವರ ಹಸಿವು ಅಧ್ಯಾಪಕರ ಹಾಜರಿ ಪುಸ್ತಕಕ್ಕೂ ತಿಳಿಯುವುದಿಲ್ಲ.