ಬಾಗಲಿಗೆ ಬರತಿದ್ದ ಗೆಜೆಟ್

ನನ್ನ ತಂಗಿ ಇರೋದು ಅಮೇರಿಕಾದ ಮಾಂಟ್‌ಗಮರಿ ಕೌಂಟಿಯೊಳಗ, ವಾಷಿಂಗ್ಟನ್ನಿನ ಮಗ್ಗಲಕ್ಕ. ಕೌಂಟಿ ಅಂದ್ರ ನಮ್ಮ ಜಿಲ್ಲಾ ಇದ್ಧಂಗರೀ. ಅಲ್ಲೆ 1959ರಾಗ ಹುಟ್ಟಿದ ‘ಗೆಜೆಟ್’ ವಾರಪತ್ರಿಕೆ ಪುಕ್ಕಟೆ ಬಾಗಲಿಗೆ ಬಂದು ಬೀಳತಿತ್ತು. ಸಾಲಿ ಮಂಡಳಿ ಸಭಾ, ಹುಡುಗರ ಆಟ, ಎಲ್ಲೆ ರಸ್ತಾ ಅಗೀತಾರ, ಎಲ್ಲಾ ಅದರಾಗ. ಶ್ವೇತಭವನ ನೋಡೋ ದೊಡ್ಡ ಪೇಪರಿನವರಿಗೆ ಇವೆಲ್ಲಾ ಕಾಣ್ತಾವೇನು? ಮಗನ ಫೋಟೋ ಬಂದಿದ್ದ ಹಾಳಿ ಅಕಿ ಇನ್ನೂ ಇಟ್ಟಾಳ.

2013ರಾಗ ವಾಷಿಂಗ್ಟನ್ ಪೋಸ್ಟ್ ಜತಿ ಇದೂ ಜೆಫ್ ಬೆಜೋಸ್ ಕೈಗೆ ಹೋತು; 2015ರ ಜೂನಿನಾಗ ಮುಚ್ಚೇಬಿಟ್ರು. 10 ಲಕ್ಷಕ್ಕೂ ಮಿಕ್ಕಿ ಮಂದಿ ಇರೋ ಕೌಂಟಿ ಅದು! ಡ್ಯಾನ್ ರೀಡ್ ಅನ್ನೋರು 2006ರಿಂದಾನೇ ಸಿಲ್ವರ್ ಸ್ಪ್ರಿಂಗ್ ಕಡೆ ಸುದ್ದಿ ತಾವೇ ಬರೀತಿದ್ರು, ಖರೇ. ಆದ್ರ ಪಗಾರಿಲ್ಲದ ಎಷ್ಟು ಮಂದಿ ಬಜೆಟ್ ಸಭಾದಾಗ ಕಡೀತನಕಾ ಕೂತು ಬರಕೊಂಡಾರು, ನೀವೇ ಹೇಳ್ರೆವಾ?